ಒಂದನೇ ನಂಬರು ಯಾರದು?

ನನಗೆ ಸಿಟ್ಟು ಬೇಗ ಬರುವುದಿಲ್ಲ. ಈ ಮಾತನ್ನು ನನ್ನ ಹೆಂಡತಿ ಸರೋಜಾ ಒಪ್ಪುವುದಿಲ್ಲ. ಅವಳು ಒಪ್ಪದಿದ್ದಾಗ ಮಾತ್ರ ಸಿಟ್ಟು ಬರುತ್ತದೆ!

ಅಂದು ಸಿಟ್ಟಿಗೆ ನಾಂದಿ ಹಾಡಿದವನು ಕಂಪ್ಯೂಟರ್ ಅಂಗಡಿಯವನು. ವೈರಸ್ ಹೊಕ್ಕಿದ್ದ ನಮ್ಮ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅಳಿಸಿ, ತಂದು ಮೇಜಿನ ಮೇಲಿಟ್ಟು, "ಬ್ರಾಡ್‌ಬ್ಯಾಂಡಿನ ನಂಬರ ತಾನ ಬರತೈತಿ ಸರ್, ನೀವೇನೂ ಮುಟ್ಟಬ್ಯಾಡ್ರಿ" ಎಂದು ಹೇಳಿ ಹೋದ. ಮುಟ್ಟಬ್ಯಾಡ್ರಿ! ದಾಂಡೇಲಿಯ ಮಿಲ್ಲಿನಲ್ಲಿ ಎಲೆಕ್ಟ್ರಿಕಲ್ ಫೋರ್‌ಮನ್ ಆಗಿ ಅರ್ಧ ಆಯುಷ್ಯ ಕಳೆದವನಿಗೆ ಈ ಮಾತು!

ಅದೂ ಎಂಥ ದಿನ ನೋಡಿ. ಸರೋಜಾಳ ತಮ್ಮ ಪರಶುರಾಮ ದುಬೈಗೆ ಹೋಗಿ ಎರಡು ವರ್ಷವಾಗಿತ್ತು. ಆ ದಿನ ನಮ್ಮ ಮಿಲ್ಲಿನ ನಾಲ್ಕು ಗಂಟೆಯ ಭೋಂಗಾ, ಅಂದರೆ ಸೈರನ್, ಕೂಗಿದ ಮೇಲೆ ಅರ್ಧ ತಾಸು ಅವನಿಗೆ ಅಲ್ಲಿಯ ಆಫೀಸಿನ ಕಂಪ್ಯೂಟರ್ ಸಿಗುವುದಿತ್ತು. ಮಗನ ಮುಖ ನೋಡಲೆಂದೇ ನಮ್ಮ ಅತ್ತೆಯವರು ಹಳಿಯಾಳದ ಕಡೆಯ ಹಳ್ಳಿಯಿಂದ ಬಸ್ಸು ಹಿಡಿದು ದಾಂಡೇಲಿಯ ಅಂಬೇವಾಡಿಯಲ್ಲಿರುವ ನಮ್ಮ ಮನೆಗೆ ಬಂದಿದ್ದರು. ಹೊಸ ಸೀರೆಯುಟ್ಟು, ಊಟವಾದ ಕೂಡಲೇ ಕಂಪ್ಯೂಟರಿನ ಕ್ಯಾಮೆರಾದ ಮುಂದೆ ಸ್ಟೂಲು ಹಾಕಿಕೊಂಡು ಕುಳಿತೂ ಬಿಟ್ಟಿದ್ದರು.

ನಾನು ಮಿಲ್ಲಿನ ಶಿಸ್ತಿನ ಪ್ರಕಾರ ಮೊದಲು "ಕೆಲಸ ನಡೆದಿದೆ, ಯಾರೂ ಮುಟ್ಟಬಾರದು" ಎಂಬ ಬೋರ್ಡನ್ನು ಮಾನಿಟರಿಗೆ ನೇತುಹಾಕಿದೆ. ಆಮೇಲೆ ಸೆಟಿಂಗ್ ತೆರೆದೆ. ಇಂಟರ್ನೆಟ್ಟಿಗೆ ಕಂಪ್ಯೂಟರಿನ ಗುರುತಾದ ನಂಬರನ್ನು ತಾನಾಗಿ ಪಡೆಯುವುದು ಎಂದಿತ್ತು.

"ತಾನಾಗಿ ಅಂದ್ರ? ಮಿಲ್ಲಿನ್ಯಾಗ ಟೋಕನ್ ನಂಬರ ಯಾರರೆ ತಾವ ಆರಿಸ್ಕೊಂಡು ಹೋಗ್ತಾರೇನು? ಹಾಜರಿ ಹಿಡಿಯೋ ಟೈಮ್ ಆಫೀಸಿನವರು ಹಿರೀತನ ನೋಡಿ ಕೊಡಬೇಕು!" ಎಂದು ಗುಡುಗಿದೆ.

"ಅಂವಾ ಮುಟ್ಟಬ್ಯಾಡ್ರಿ ಅಂದಿದ್ನಲ್ರೀ..." ಎಂದಳು ಸರೋಜಾ.

ಅಷ್ಟು ಸಾಕಾಯಿತು. ಮುಟ್ಟಿದೆ! ನೂರಾ ತೊಂಬತ್ತೆರಡು, ನೂರಾ ಅರವತ್ತೆಂಟು, ಒಂದು ಎಂಬ ಮೊದಲಿನ ಮೂರು ಸಂಖ್ಯೆಗಳು ನನಗೆ ಬಾಯಿಪಾಠ ಇದ್ದವು. ಕೊನೆಯ ಮನೆ ಖಾಲಿ. ಮಿಲ್ಲಿನಲ್ಲಿ ಟೋಕನ್ ನಂಬರು ಸಣ್ಣದಾದಷ್ಟೂ ಮನುಷ್ಯ ದೊಡ್ಡವನು. ಮನೆಯ ಯಜಮಾನ ನಾನು, ಕಂಪ್ಯೂಟರ್ ನನ್ನದು. ಅಲ್ಲಿ 'ಒಂದು' ಎಂದು ಒತ್ತಿದೆ.

ಪರದೆಯ ಮೂಲೆಯಲ್ಲಿ ಒಂದು ಗುಳ್ಳೆ ಎದ್ದಿತು: ಈ ನಂಬರು ಆಗಲೇ ಬೇರೊಬ್ಬರ ಬಳಿ ಇದೆಯಂತೆ. ಇಂಟರ್ನೆಟ್ ಬಂದ್!

ಮನೆಯಲ್ಲಿರುವುದೇ ಒಂದು ಕಂಪ್ಯೂಟರ್. ಹಾಗಾದರೆ ನನ್ನ ನಂಬರು ಕದ್ದವನು ಯಾರು? ನಮ್ಮ ಟೆಲಿಫೋನ್ ತಂತಿ ಪಕ್ಕದ ಮನೆಯ ಶಿಂಧೆಯವರ ಗೋಡೆಯ ಮೇಲಿಂದ ಬಂದದ್ದು ನೆನಪಾಯಿತು. ಮೈಯೆಲ್ಲ ಉರಿಯಿತು. ಚಪ್ಪಲಿಯನ್ನೂ ಮೆಟ್ಟದೆ ಹೋಗಿ ಅವರ ಬಾಗಿಲು ಬಡಿದೆ.

"ಶಿಂಧೆಯವ್ರ, ಮರ್ಯಾದೀಲೆ ನನ್ನ ನಂಬರ ಬಿಡ್ರಿ! ನಿಮ್ಮ ಕಂಪ್ಯೂಟರ ಬಂದ್ ಮಾಡ್ರಿ!"

"ಅಹೋ ಸಾಹೇಬ್ರ, ನಮ್ಮ ಮನ್ಯಾಗ ಕಂಪ್ಯೂಟರ ಎಲ್ಲೈತ್ರಿ? ಇದ್ದ ಟಿವಿನೂ ಕೆಟ್ಟು ಕುಂತೈತಿ!"

ಸುಳ್ಳು ಇರಬಹುದೆಂದು ಒಳಗೆ ಹೋಗಿ ನೋಡಿದೆ. ಟಿವಿ ನಿಜವಾಗಿಯೂ ಕೆಟ್ಟಿತ್ತು. ಅಷ್ಟರಲ್ಲಿ ಭೋಂಗಾ ಕೂಗಿತು.

ಓಡಿ ಬಂದೆ. ಅತ್ತೆಯವರು ಮಗನಿಲ್ಲದ ಪರದೆಯನ್ನೇ ನೋಡುತ್ತ, ಸೆರಗು ಸರಿಪಡಿಸಿಕೊಳ್ಳುತ್ತ ಕುಳಿತಿದ್ದರು. ಆ ಸೆರಗು ನೋಡಿ ನನ್ನ ಮೇಲೆಯೇ ಸಿಟ್ಟು ಬರಬೇಕಿತ್ತು. ಬಂದದ್ದು ಕಂಪ್ಯೂಟರಿನ ಪಕ್ಕ ದೀಪ ಮಿನುಗಿಸುತ್ತ ಕೂತಿದ್ದ ರೂಟರ್ ಡಬ್ಬಿಯ ಮೇಲೆ. ಒಂದು ಏಟು ಕೊಟ್ಟೆ. ಅದು ಅಂಗಾತ ಬಿತ್ತು. ಎತ್ತಿಕೊಳ್ಳಲು ಹೋದ ಸರೋಜಾ ಅದರ ತಳಕ್ಕೆ ಅಂಟಿಸಿದ್ದ ಚೀಟಿ ನೋಡಿದಳು.

"ಇಲ್ನೋಡ್ರಿ. ನಿಮ್ಮ ನಂಬರ ಇದರ ಬುಡಕ ಅಚ್ಚಾಗೇತಿ. ಕೊನೀಗೆ ಒಂದು."

ಆ ಡಬ್ಬಿಯನ್ನು ನಾನು ತಂತಿ ಕೂಡಿಸುವ ಬಡ ಪೆಟ್ಟಿಗೆ ಎಂದುಕೊಂಡಿದ್ದೆ. ಅದೇ ಟೈಮ್ ಆಫೀಸು! ಮನೆಯ ಕಂಪ್ಯೂಟರಿಗೆ ನಂಬರು ಹಂಚುವುದು ಅದು. ಒಂದನೇ ನಂಬರನ್ನು ಮಾತ್ರ ತಾನೇ ಇಟ್ಟುಕೊಂಡಿದೆ.

"ಈ ಮನೀಗೆ ಯಜಮಾನ ಯಾರು? ನಾನೋ, ಈ ಡಬ್ಬಿಯೋ?" ಎಂದು ಕೂಗಿದೆ.

ಅತ್ತೆಯವರು ಮೊದಲ ಸಲ ಬಾಯಿ ಬಿಟ್ಟರು. "ಅಳ್ಯಾರ, ಹಿರೀತನ ಆಮ್ಯಾಲೆ ನೋಡೂಣು. ನೀವು ಎರಡನೇ ನಂಬರಿನ್ಯಾಗ ಕುಂತ್ರೂ ನನ್ನ ಮಗನ ಮಾರಿ ಅದ ಇರತೈತಿ."

ಹಲ್ಲು ಕಚ್ಚಿ 'ತಾನಾಗಿ' ಎಂಬುದನ್ನೇ ಒತ್ತಿದೆ. ಡಬ್ಬಿ ಹತ್ತು ನಿಮಿಷ ಕಾಯಿಸಿ ನನಗೆ ಎರಡನೇ ನಂಬರು ದಯಪಾಲಿಸಿತು. ಪರದೆಯ ಮೇಲೆ ಪರಶುರಾಮ ಮೂಡಿದ. ಸೊರಗಿದ್ದ, ಮೀಸೆ ತೆಗೆದಿದ್ದ. ಅತ್ತೆಯವರು ಗಾಜನ್ನು ಮುಟ್ಟಿ ನೋಡಿದರು.

"ಮಾಮಾ, ಯಾಕ್ರಿ ಇಷ್ಟ ತಡಾ? ನನಗ ಇನ್ನ ಸ್ವಲ್ಪ ಹೊತ್ತ ಐತಿ" ಎಂದ ಅವನು.

ಕೇಳಬಾರದಿತ್ತು. ಉರಿಯುತ್ತಿದ್ದ ನಾನು ಅತ್ತೆಯವರ ಹೆಗಲ ಮೇಲಿಂದ ಬಾಗಿ ಶುರು ಮಾಡಿದೆ. ಅಂಗಡಿಯವನ ಉದ್ಧಟತನ, ಟೋಕನ್ ಪದ್ಧತಿ, ಶಿಂಧೆಯವರ ಗೋಡೆ, ಡಬ್ಬಿಯ ಸೊಕ್ಕು, ಎಲ್ಲವನ್ನೂ ಕ್ರಮಬದ್ಧವಾಗಿ ವಿವರಿಸಿದೆ. ತಪ್ಪು ನನ್ನದಲ್ಲ ಎಂಬ ಮುಖ್ಯ ಅಂಶಕ್ಕೆ ಬರುವಷ್ಟರಲ್ಲಿ ಪರಶುರಾಮ ಕೈ ಬೀಸಿದ. ಪರದೆ ಖಾಲಿಯಾಯಿತು. ಅವನ ಅರ್ಧ ತಾಸು ಮುಗಿದಿತ್ತು.

ಅತ್ತೆಯವರು ನಿಧಾನಕ್ಕೆ ಎದ್ದರು. ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು.

"ಮಗನ ಮಾರಿ ನೋಡಿದ್ನಿ, ಅಳ್ಯಾರ" ಎಂದರು. "ದನಿ ಮಾತ್ರ ನಿಮ್ಮದ ಕೇಳಿಸ್ತು."

ಮಾನಿಟರಿಗೆ ಹಾಕಿದ ಬೋರ್ಡನ್ನು ಸರೋಜಾ ಇವತ್ತಿಗೂ ತೆಗೆದಿಲ್ಲ. ಅವಳು ಮುಟ್ಟುತ್ತಾಳೆ, ಶಿಂಧೆಯವರೂ ಬಂದು ಮುಟ್ಟುತ್ತಾರೆ. ಬೋರ್ಡು ನನ್ನೊಬ್ಬನಿಗೆ!