ಗುಂಡಿ-ದಾರದ ಅಂಗಡಿಯ ತಾತ

ಗುಂಡಿ, ದಾರ ಮಾರುವ ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಅದಕ್ಕೇ ಇರಬೇಕು, ಹೇಳಿದ ಒಂದೇ ಒಂದು ಸುಳ್ಳು ಹಾಗೆ ಮೈಮೇಲೆ ಬಂತು.

ನಗರಸಭೆಯವರು ಅಂಗಡಿಬೀದಿಯನ್ನು ಅಗಲ ಮಾಡಲು ಹೊರಟಿದ್ದರು. ನೂರು ವರ್ಷ ದಾಟಿದ ಅಂಗಡಿಗಳನ್ನು ಮಾತ್ರ ಕೆಡವುವುದಿಲ್ಲವಂತೆ. ಅಧಿಕಾರಿ ಸಂಜೆ ನೋಡಲು ಬರುತ್ತಾರಂತೆ. ಇವನು ಅಂಗಡಿ ಇಟ್ಟು ಹನ್ನೆರಡೇ ವರ್ಷವಾಗಿತ್ತು. ಅದು ಹೋದರೆ ಹೆಂಡತಿ ಮಕ್ಕಳೊಂದಿಗೆ ಬೀದಿಗೆ ಬೀಳುವುದೇ ಗತಿ, ಬೀದಿ ಎಷ್ಟೇ ಅಗಲವಾಗಲಿ.

ಬೆಳಿಗ್ಗೆ ವರ್ತಕರ ಸಂಘದ ಕಾರ್ಯದರ್ಶಿ ಬೀದಿಯ ಹಳೆಯ ಫೋಟೋವೊಂದನ್ನು ತಂದ. ಈಗ ಮೊಬೈಲ್ ಮಾರುವ ಕಡೆ ಕುದುರೆ ಲಾಯ, ಕನ್ನಡಕದಂಗಡಿಯ ಜಾಗದಲ್ಲಿ ದೀಪದೆಣ್ಣೆಯವನು. ಇವನ ಬಾಗಿಲ ಮೆಟ್ಟಿಲ ಮೇಲೆ ಒಬ್ಬ ಮುದುಕ, ಕೈಯಲ್ಲಿ ದಾರದುಂಡೆ.

"ಇವ್ರು ನಮ್ ತಾತ," ಎಂದುಬಿಟ್ಟ ಇವನು. "ಅಂಗಡಿ ಅವ್ರದ್ದೇ."

ಕಾರ್ಯದರ್ಶಿ ಫೋಟೋವನ್ನು ಅಲ್ಲೇ ಗೋಡೆಗೆ ತೂಗುಹಾಕಿಸಿದ. ಅಕ್ಕಪಕ್ಕದವರಿಗೆ ಅಷ್ಟೇ ಸಾಕಾಯಿತು. ಕನ್ನಡಕದಂಗಡಿಯವನು ಬಂದು ಮೂಗು ಥೇಟ್ ಅದೇ ಎಂದ. ಎದುರಿನ ಚಪ್ಪಲಿ ಅಂಗಡಿಯಾಕೆ, ಈ ತಾತನ ಸೀನು ಇಡೀ ಬೀದಿಗೆ ಕೇಳಿಸುತ್ತಿತ್ತಂತೆ, ಅಷ್ಟು ನಶ್ಯ ಏರಿಸುತ್ತಿದ್ದನಂತೆ ಎಂದಳು. ಇವನು ಎಲ್ಲದಕ್ಕೂ ಗೋಣು ಆಡಿಸಿದ.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಕಣ್ಣು ಫೋಟೋದತ್ತ ಹೋಯಿತು. ಮುದುಕನ ಒಂದು ಕಾಲು ಈಗ ಹೊಸ್ತಿಲೊಳಗಿತ್ತು. ಬುತ್ತಿ ಮುಚ್ಚಿಟ್ಟ. ಕನ್ನಡಕದವನನ್ನು ಕರೆದು ತೋರಿಸಿದರೆ, ಅವನು ಕಣ್ಣು ಪರೀಕ್ಷೆ ಮಾಡಿಸಿಕೋ ಎಂದು ಹೇಳಿ ಹೋದ.

ನಾಲ್ಕು ಗಂಟೆಗೆ ಮುದುಕನ ಬೆನ್ನು ಮಾತ್ರ ಕಾಣುತ್ತಿತ್ತು. ಐದಕ್ಕೆ ಮೆಟ್ಟಿಲು ಖಾಲಿ. ಅಂಗಡಿಯ ಒಳಗೆಲ್ಲೋ ಯಾರೋ ಸೀನಿದರು. ಇವನಿಗೆ ಜೀವವೇ ಬಾಯಿಗೆ ಬಂತು. ಓಡೋಣವೆಂದರೆ ಅಧಿಕಾರಿ ಬರುವ ಹೊತ್ತು. ಕುರ್ಚಿಯಲ್ಲೇ ಮುದುಡಿ ಕುಳಿತ.

ಅಧಿಕಾರಿ ಬಂದರು. ಫೋಟೋ ನೋಡಿದರು, ಬಾಗಿಲು ಅಳೆದರು, ಈ ಅಂಗಡಿಯನ್ನು ಯಾರೂ ಮುಟ್ಟುವುದಿಲ್ಲ ಎಂದು ಸಹಿಗೆ ಕಾಗದ ತೆಗೆದರು. ಹೋದ ಜೀವ ಬಂದಂತಾಗಿ ಇವನು ಕಾಗದಕ್ಕೆ ಕೈ ಚಾಚಿದ.

ಅವರು ಅದನ್ನು ಇವನ ತಲೆಯ ಮೇಲಿಂದ ಹಿಂದಕ್ಕೆ ನೀಡಿದರು. "ಮಾಲೀಕ್ರೇ ಇದಾರಲ್ಲಪ್ಪ. ಅವ್ರೇ ಸಹಿ ಹಾಕ್ಲಿ."

ಹಿಂದೆ ಕಾಗದದ ಮೇಲೆ ಲೇಖನಿ ಕರಕರ ಎಂದಿತು. ಅಧಿಕಾರಿ ನಮಸ್ಕಾರ ಹೇಳಿ ಹೊರಟುಹೋದರು.

"ಅಂಗಡಿ ನಂದು ಅಂತ ನೀನೇ ಹೇಳಿದ್ಯಲ್ಲ ಮಗು," ಎಂದಿತು ಬೆನ್ನ ಹಿಂದಿನ ದನಿ, ತುಂಬ ಅಕ್ಕರೆಯಿಂದ. "ಏಳು ಮತ್ತೆ. ಕುರ್ಚಿ ಬಿಡು."