ಅಪ್ಪನ ಒಂಟಿ ಸೀನು

ನಮ್ಮಪ್ಪನ ಮೂಗಿಗಿದ್ದ ಅಧಿಕಾರ ಧಾರವಾಡದ ಕಲೆಕ್ಟರ್ ಸಾಹೇಬನಿಗೂ ಇರಲಿಲ್ಲ ಎಂದರೆ ನೀವು ನಗುತ್ತೀರಿ. ನಗಿರಿ, ಅದಕ್ಕೇ ಬರೆಯುತ್ತಿದ್ದೇನೆ! ಒಬ್ಬ ಮನುಷ್ಯನನ್ನು ಊರು ಬಿಡದಂತೆ ತಡೆಯಬೇಕಾದರೆ ಕಲೆಕ್ಟರನಿಗೆ ಕಾಗದ, ಸಹಿ, ಶಿಕ್ಕಾ, ಮೇಲೆ ಇಬ್ಬರು ಪೊಲೀಸರು ಬೇಕು. ನಮ್ಮಪ್ಪನಿಗೆ ಒಂದು ಚಿಟಿಕೆ ತಪಕೀರು ಸಾಕು. ನಶ್ಯ ಅನ್ನುತ್ತೀರಲ್ಲ, ಅದೇ.

ಹೊರಟವರ ಮುಂದೆ ಯಾರಾದರೂ ಒಮ್ಮೆ ಸೀನಿದರೆ ಅಪಶಕುನ, ಎರಡು ಸಲ ಸೀನಿದರೆ ಶುಭ. ಒಂಟಿ ಸೀನಿಗೆ ಕೂತು ನೀರು ಕುಡಿಯಬೇಕು, ಜೋಡಿ ಸೀನಿಗೆ ನಿಶ್ಚಿಂತೆಯಿಂದ ಹೋಗಬಹುದು. ನಮ್ಮ ಕಡೆ ಇದು ಚಿಕ್ಕ ಮಕ್ಕಳಿಗೂ ಗೊತ್ತು. ಅಪ್ಪನಿಗೆ ಮನೆಗೆ ಬಂದವರು ಹೋಗುವುದೆಂದರೆ ಆಗುತ್ತಿರಲಿಲ್ಲ. ಆದ್ದರಿಂದ ಬಂದವರು ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ ತಪಕೀರು ಏರಿಸಿ ಒಂದೇ ಒಂದು ಸಲ ಸೀನುತ್ತಿದ್ದ. ಎರಡನೆಯದು ಬರುವಂತಾದರೆ ಮೂಗನ್ನು ಗಟ್ಟಿಯಾಗಿ ಹಿಡಿದು, ಮುಖ ಕೆಂಪಗೆ ಮಾಡಿಕೊಂಡು, ಅದನ್ನು ಒಳಗೇ ಕೊಲ್ಲುತ್ತಿದ್ದ. ಅದೇನು ಸಾಮಾನ್ಯ ವಿದ್ಯೆಯೇ? ಮೂವತ್ತು ವರ್ಷದ ಸಾಧನೆ!

ಹೆಬ್ಬಳ್ಳಿಯ ನಮ್ಮ ಸೋದರಮಾವ ಒಂದು ಹಂಡೆ ಕೊಳ್ಳಲು ಚಕ್ಕಡಿ ಕಟ್ಟಿಕೊಂಡು ಬಂದ. ಅಪ್ಪನದು ತಾಮ್ರ ಹಿತ್ತಾಳೆ ಭಾಂಡೆಗಳ ಅಂಗಡಿ. ಹಂಡೆ ಕೊಳ್ಳಲು ಅರ್ಧ ಗಳಿಗೆ ಹಿಡಿಯಿತು, ಹೋಗಲು ಎಂಟು ದಿನ. ಕೊನೆಕೊನೆಗೆ ಎತ್ತುಗಳಿಗೂ ರೂಢಿಯಾಗಿ, ಅಪ್ಪ ತಪಕೀರಿನ ಡಬ್ಬಿ ತೆಗೆದರೆ ಸಾಕು, ನೊಗ ಹೊತ್ತಿದ್ದಂತೆಯೇ ಮಲಗಿಬಿಡುತ್ತಿದ್ದವು. ಅಕ್ಕನನ್ನು ನೋಡಲು ಹುಬ್ಬಳ್ಳಿಯಿಂದ ಬಂದವರ ಕಥೆಯೂ ಅಷ್ಟೇ. "ಊರಿಗೆ ಹೋಗಿ ತಿಳಸ್ತೇವ್ರಿ" ಎಂದು ಎದ್ದವರು ಮೂರು ದಿನ ಏಳುತ್ತ ಕೂರುತ್ತ ಇದ್ದು, ಬೇರೆ ದಾರಿ ಕಾಣದೆ "ಹುಡುಗಿ ಒಪ್ಪಿಗಿ ಐತ್ರಿ" ಎಂದರು. ಅಪ್ಪ ಆಗ ಎರಡು ಸಲ ಸೀನಿದ!

"ಬೇಕಂತನ ಸೀನ್ತೀರಲ್ಲ, ಮಂದಿ ಏನಂದಾರು?" ಎಂದು ಅವ್ವ ಸಿಟ್ಟಾಗುತ್ತಿದ್ದಳು.

"ಏನಂತಾರ? ಇವರ ಮನ್ಯಾಗ ಊಟ ಛಲೋ ಇರ್ತದ ಅಂತಾರ, ತಗೋ!"

ಇಂಥ ಮನೆಗೆ ಕರಾಚಿಯಿಂದ ಒಂದು ಪತ್ರ ಬಂತು. ನನ್ನ ಹೆಂಡತಿಯ ಕಾಕಾ ಬರೆದಿದ್ದರು. ಬಂದರಿನ ಒಂದು ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಖಾಲಿ ಇದೆ, ಕಾಯಂ ನೌಕರಿ, ಇರಲು ಎರಡು ಖೋಲಿ, ಹದಿನೈದು ದಿನದೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಆಗ ನಾನು ಕಲಿಸುತ್ತಿದ್ದ ಸಾಲೆ ಮುಚ್ಚಿಹೋಗಿ ವರ್ಷವಾಗಿತ್ತು. ಅಪ್ಪನ ಅಂಗಡಿಯಲ್ಲಿ ಕೂರುತ್ತಿದ್ದೆ. ಕೂರುವುದರಲ್ಲಿ ಮಾತ್ರ ನಾನು ನಿಪುಣ. ನಾನು ಹೊಗಳಿದ ಕೊಡವನ್ನು ಕೊಂಡ ಗಿರಾಕಿ ಈವರೆಗೆ ಹುಟ್ಟಿಲ್ಲ.

"ನೀವೆಲ್ಲಿ ಇರ್ತೀರಿ, ಅಲ್ಲಿ ನಾನು. ಆದ್ರ ಈ ಕೂಸು ಅಜ್ಜನ್ನ ಬಿಟ್ಟು ಇದ್ದೀತೇನ್ರಿ?" ಎಂದಳು ಹೆಂಡತಿ.

ಕೂಸು ಎಂದರೆ ನಮ್ಮ ನಾಲ್ಕು ವರ್ಷದ ಮಗಳು. ಅಜ್ಜನ ತಟ್ಟೆಯಲ್ಲೇ ಊಟ, ಅಜ್ಜನ ಪಕ್ಕದಲ್ಲೇ ನಿದ್ದೆ, ಸಂಜೆ ಅಜ್ಜನ ಹೆಗಲೇರಿ ಕೆಲಗೇರಿ ಕೆರೆಯ ದಂಡೆಗೆ ಸವಾರಿ. ಸುಳ್ಳು ಸೀನು ಸೀನುವುದನ್ನೂ ಆಗಲೇ ಕಲಿತಿದ್ದಳು.

ಅಪ್ಪ ಪತ್ರದ ಬಗ್ಗೆ ಕೇಳಿದ್ದು ಎರಡೇ ಮಾತು.

"ಕರಾಚಿ ಎಷ್ಟು ದೂರ ಐತೋ?"

"ಮುಂಬಯಿ ತನಕ ರೈಲು, ಆಮ್ಯಾಲೆ ಹಡಗು."

"ಹಡಗದಾಗ ಕುಂತವ್ರಿಗೆ ಸೀನು ಕೇಳಸ್ತದೇನು?"

ನಾನು ನಕ್ಕೆ. ಅವನು ನಗಲಿಲ್ಲ. ಆ ಸಂಜೆ ಅವನ ತೊಡೆಯ ಮೇಲೆ ಮಲಗಿದ್ದ ಮಗಳನ್ನು ನೋಡಿ ನಾನು ನಿರ್ಧಾರ ಮಾಡಿಬಿಟ್ಟೆ. ಎಲ್ಲಿಗೂ ಹೋಗುವುದು ಬೇಡ. ಬರಲಾಗುವುದಿಲ್ಲ ಎಂದು ಕಾಕಾನಿಗೆ ಬರೆದು, ಮನೆಯವರಿಗೆಲ್ಲ ಓದಿ ಹೇಳಿ, ಮರುದಿನ ಬೆಳಿಗ್ಗೆ ಅಂಚೆಗೆ ಹಾಕಲು ಹೊರಟೆ.

ಹೊಸ್ತಿಲಲ್ಲಿ ಕಾಲಿಟ್ಟೆ. ಹಿಂದಿನಿಂದ "ಆಕ್ಷೀ!"

ಅಪ್ಪನ ಹಳೇ ಚಟ, ಅಷ್ಟು ಸುಲಭಕ್ಕೆ ಬಿಟ್ಟೀತೇ ಎಂದುಕೊಂಡು ಕೂತು ನೀರು ಕುಡಿದೆ. ಎದ್ದೆ. "ಆಕ್ಷೀ!" ಮರುದಿನವೂ ಹಾಗೇ. ಮೂರನೆಯ ದಿನ ನನಗೆ ಸಿಟ್ಟು ನೆತ್ತಿಗೇರಿತು.

"ಅಪ್ಪಾ, ಇದು ಬರೂದಿಲ್ಲ ಅಂತ ಬರದ ಕಾಗದ! ನಾ ಎಲ್ಲಿಗೂ ಹೋಗಾಕತ್ತಿಲ್ಲ!"

"ಗೊತ್ತೈತಿ," ಎಂದ ಅಪ್ಪ ಮೂಗು ಒರೆಸಿಕೊಳ್ಳುತ್ತ. "ಅದಕ್ಕ ಸೀನೇನಿ."

ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದ. "ಮೊನ್ನೆ ಅಂಗಡ್ಯಾಗ ಒಬ್ಬ ಗಿರಾಕಿ, ನಿಮ್ಮಪ್ಪ ಏನ್ ಮಾಡ್ತಾನವಾ ಅಂತ ಕೂಸಿನ್ನ ಕೇಳಿದ. ನಮ್ಮಜ್ಜನ ಅಂಗಡ್ಯಾಗ ನೊಣ ಹೊಡೀತಾನ ಅಂದ್ಲು. ಅಂವಾ ನಕ್ಕ. ನಾನೂ ನಕ್ಕೆ. ಆಮ್ಯಾಲೆ ನಿನ್ನ ಮಾರಿ ನೋಡಿದೆ."

ಆ ಮಾತು ನನಗೂ ಕೇಳಿಸಿತ್ತು. ತಲೆ ಬಗ್ಗಿಸಿ, ಆಗಲೇ ಥಳಥಳ ಹೊಳೆಯುತ್ತಿದ್ದ ಒಂದು ತಂಬಿಗೆಯನ್ನು ಮತ್ತೆ ಉಜ್ಜುತ್ತ ಕೂತಿದ್ದೆ. ಯಾರೂ ನೋಡಲಿಲ್ಲ ಅಂದುಕೊಂಡಿದ್ದೆ.

"ಮಗಳ ಮುಂದ ಹಂಗ ಕುಂದರಬ್ಯಾಡೋ. ಆ ಕಾಗದ ಹರಿ, ಬ್ಯಾರೆ ಬರಿ. ಹೋಗೂದಾದ್ರ ಮೂರೂ ಮಂದಿ ಹೋಗ್ರಿ. ಕೂಸಿನ್ನ ಅಪ್ಪನಿಂದ ಅಗಲಿಸಿ ನಾ ಆಡಸ್ಲೇನು?"

ಅಪ್ಪ ಎದ್ದು ಹಿತ್ತಲಿಗೆ ಹೋದ. ಬಾವಿಯಲ್ಲಿ ಏನೋ ಬಿದ್ದ ಸದ್ದಾಯಿತು. ಹೊರಡುವ ದಿನ ತನ್ನ ಮೂಗನ್ನು ತಾನೇ ನಂಬುವಂತಿಲ್ಲ ಎಂದು ಡಬ್ಬಿಯನ್ನು ಬಾವಿಗೆ ಹಾಕಿದ್ದ.

ಹೊರಡುವ ದಿನ ಸ್ಟೇಷನ್ನಿನಲ್ಲಿ ಅವ್ವ ರೊಟ್ಟಿಯ ಗಂಟನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ, ಕೊನೆಗೆ ಹೆಂಡತಿಯ ಕೈಗೆ ಕೊಟ್ಟಳು. ಅಪ್ಪ ಕಿಟಕಿಯ ಹೊರಗೆ ನಿಂತು ಮೊಮ್ಮಗಳ ಕಾಲ ಬೆರಳುಗಳನ್ನು ಹಿಡಿದುಕೊಂಡಿದ್ದ. ಅಜ್ಜನೂ ಬರುತ್ತಾನೆ ಎಂದೇ ಅವಳು ತಿಳಿದಿದ್ದಳು.

"ಅಜ್ಜಾ, ಲಗೂ ಹತ್ತೋ! ಗಾಡಿ ಹೋಗ್ತದ!"

ಅಪ್ಪನ ಕಣ್ಣು ತುಂಬಿತು. ಮೂಗು ತುಂಬಿತು. ತಪಕೀರಿಲ್ಲದೆ, ಯಾವ ಹುನ್ನಾರವೂ ಇಲ್ಲದೆ, ಇಡೀ ಸ್ಟೇಷನ್ನು ತಿರುಗಿ ನೋಡುವಂಥ ಸೀನು ಬಂದುಬಿಟ್ಟಿತು. ಒಂದೇ ಒಂದು!

ಹೆಂಡತಿ ರೊಟ್ಟಿಯ ಗಂಟು ಹಿಡಿದು ಎದ್ದು ನಿಂತಳು. ನಿಜ ಹೇಳುತ್ತೇನೆ, ನಾನೂ ಎದ್ದೆ. ಇಳಿದುಬಿಡೋಣ ಎಂದು ನನ್ನ ಜೀವವೆಲ್ಲ ಹೇಳುತ್ತಿತ್ತು.

"ಇಳೀಬ್ಯಾಡ್ರಿ!" ಅಪ್ಪ ಚೀರಿದ. "ಕುಂದರ್ರಿ! ಇನ್ನೊಂದು ಐತಿ! ಇನ್ನೊಂದು ಬರತೈತಿ!"

ಬರಲಿಲ್ಲ. ಮೂವತ್ತು ವರ್ಷ ಕೊಂದ ಎರಡನೆಯ ಸೀನು ಕರೆದಾಗ ಬರುವುದೇ? ಬಿಸಿಲಿಗೆ ಮುಖ ಮಾಡಿದ. ಧೋತರದ ಚುಂಗನ್ನು ಹುರಿ ಮಾಡಿ ಮೂಗಿಗೆ ಹಾಕಿಕೊಂಡ. ಗಾಡಿ ಸಿಳ್ಳು ಹಾಕಿತು. ಬಾಕಿನ ಮೇಲೆ ಕೂತಿದ್ದ ಯಾರೋ ಮುದುಕನ ಮುಂದೆ ಅಪ್ಪ ಕೈಯೊಡ್ಡಿದ. "ಯಜಮಾನ್ರ, ಒಂದಿಷ್ಟು ತಪಕೀರು ಕೊಡ್ರಿ! ನಿಮ್ಮ ಪಾದ ಹಿಡೀತೇನಿ, ಲಗೂ ಕೊಡ್ರಿ!" ಜೀವಮಾನದಲ್ಲಿ ಯಾರ ಮುಂದೆಯೂ ಕೈಯೊಡ್ಡಿದವನಲ್ಲ ನಮ್ಮಪ್ಪ. ಗಾಡಿ ಅಲುಗಿತು. ಚಿಟಿಕೆಯಲ್ಲ, ಅರ್ಧ ಮುಷ್ಟಿ ಏರಿಸಿಕೊಂಡು, ಧೋತರ ಎತ್ತಿ ಹಿಡಿದು ಗಾಡಿಯ ಜೊತೆ ಓಡಿದ. ಪ್ಲಾಟ್‌ಫಾರ್ಮು ಮುಗಿಯುವಲ್ಲಿ ಬಂತು ನೋಡಿ ಎರಡನೆಯ ಸೀನು!

"ಆತು! ಎರಡಾತು! ಹೋಗ್ರೀ!"

ಮಗಳು ಚಪ್ಪಾಳೆ ತಟ್ಟಿದಳು. ನಾನು ಅಪ್ಪನನ್ನು ಕಂಡದ್ದು ಅದೇ ಕೊನೆ.

ಕರಾಚಿಯಲ್ಲಿ ನನಗೆ ಕುರ್ಚಿಯಿದೆ, ಮೇಜಿದೆ. ಮಗಳು ನೆರೆಯವರಿಗೆ "ನಮ್ಮಪ್ಪ ಹಡಗದ ಕಚೇರ್ಯಾಗ ಬರೀತಾನ" ಎಂದು ಹೇಳುತ್ತಾಳೆ. ಬೆಳಿಗ್ಗೆ ನಾನು ಹೊರಟಾಗ ಬಾಗಿಲಲ್ಲಿ ನಿಂತು ಒಮ್ಮೆ ಸೀನುತ್ತಾಳೆ. ನಾನು ಕೂತು ನೀರು ಕುಡಿಯುತ್ತೇನೆ. ಬಂದದ್ದು ಸರಿಯೋ ತಪ್ಪೋ ನನಗಿನ್ನೂ ತಿಳಿದಿಲ್ಲ.

ಮರುವರ್ಷ, ಅಪ್ಪ ಹೋದನೆಂದು ತಂತಿ ಬಂತು. ಇಷ್ಟು ದೂರದಿಂದ ಯಾರು ಹೊತ್ತಿಗೆ ಮುಟ್ಟುತ್ತಾರೆ? ಅವ್ವನನ್ನು ಅಕ್ಕ ಹುಬ್ಬಳ್ಳಿಗೆ ಕರೆದುಕೊಂಡು ಹೋದಳು. ಅಲ್ಲಿಂದ ಅವ್ವ ಅಕ್ಕನ ಕೈಯಲ್ಲಿ ಬರೆಸಿದ್ದಳು: "ಮುಂಜಾನೆ ಚಹಾ ಕುಡದ್ರು, ಕೂಸಿನ ಮಾತು ಆಡಕೋತ ಕುಂತಿದ್ರು. ಕುಂತಲ್ಲೇ ಹೊಂಟುಬಿಟ್ರು. ನಿಲ್ರಿ ಅನ್ನಾಕ ಯಾರಿಗೂ ಹೊತ್ತ ಸಿಗಲಿಲ್ಲ."

ನಾನು ಅಲ್ಲಿರಬೇಕಿತ್ತು. ಅಪ್ಪ ಹೊರಟಾಗ ಒಂದು ಚಿಟಿಕೆ ತಪಕೀರು ಏರಿಸಿ, ಮೂಗು ಗಟ್ಟಿಯಾಗಿ ಹಿಡಿದು, ಒಂದೇ ಒಂದು ಸಲ ಸೀನುತ್ತಿದ್ದೆ.