ಅತ್ತೆ ಡ್ರಿಲ್ಲಿಂಗ್ ಮೆಷಿನ್ ಹಿಡಿದದ್ದು

ನಮ್ಮ ಸೋದರತ್ತೆಯನ್ನು ಯಾವ ಸಂಘಕ್ಕೂ ಸೇರಿಸಿಕೊಳ್ಳಬಾರದು. ಇದು ನಾನು ಹೇಳುತ್ತಿರುವ ಮಾತಲ್ಲ, ಕಲ್ಯಾಣದುರ್ಗದ ಒಂದು ಭಜನಾ ಮಂಡಳಿ ಅನುಭವದಿಂದ ಕಂಡುಕೊಂಡ ಸತ್ಯ. ಹಾರ್ಮೋನಿಯಂ ಯಾಕೆ ಕೀರಲು ದನಿ ಮಾಡುತ್ತದೆಂದು ತಿಳಿಯಲು ಅತ್ತೆ ಅದನ್ನು ಪೂರಾ ಬಿಚ್ಚಿದರು. ಮತ್ತೆ ಜೋಡಿಸಿದರು ಕೂಡ. ಒಂದು ಹಿಡಿ ಸ್ಕ್ರೂ ಮಿಕ್ಕಿತು. ಅವಿಲ್ಲದೆಯೂ ಹಾಡುತ್ತದಲ್ಲ, ಕಂಪನಿಯವರು ಸುಮ್ಮನೆ ಹಾಕಿರುತ್ತಾರೆ ಎಂಬುದು ಅವರ ತೀರ್ಪು.

ಇಂಥವರಿಗೆ ಹಿಂದೂಪುರದಲ್ಲಿ ಹೊಸದಾಗಿ ಶುರುವಾದ ವರ್ಕ್‌ಶಾಪಿನ ಸುದ್ದಿ ಯಾರು ಹೇಳಿದರೋ! ಹುಣಸೆಹಣ್ಣಿನ ಹಳೆಯ ಗೋಡೌನೊಂದರಲ್ಲಿ ಕೆಲವು ಉತ್ಸಾಹಿಗಳು ಸೇರಿ ಗರಗಸ, ಉಳಿ, ಹೊಲಿಗೆ ಮೆಷಿನ್, ಡ್ರಿಲ್ಲಿಂಗ್ ಮೆಷಿನ್ ಎಲ್ಲ ತಂದಿಟ್ಟಿದ್ದರು. ಯಾರು ಬೇಕಾದರೂ ಬಂದು ಕಲಿಯಬಹುದು, ತಮಗೆ ಬೇಕಾದ್ದು ಮಾಡಿಕೊಳ್ಳಬಹುದು. ಸಂಬಳದವರು ಒಬ್ಬರೂ ಇಲ್ಲ, ಎಲ್ಲರೂ ಸ್ವಯಂಸೇವಕರು. ಹಾಗಾಗಿ ಸಲಹೆ ಕೊಡುವವರು ಹದಿನೈದು ಜನ, ಕಸ ಗುಡಿಸುವವರು ಯಾರೂ ಇಲ್ಲ.

ಅರವತ್ತು ದಾಟಿದ ಅತ್ತೆ ಒಂದು ಭಾನುವಾರ ಮೊದಲ ಬಸ್ಸಿಗೆ ಕಲ್ಯಾಣದುರ್ಗದಿಂದ ಬಂದಿಳಿದು, ಹಿಂದೂಪುರದಲ್ಲೇ ಇರುವ ನನ್ನನ್ನು ಎಳೆದುಕೊಂಡು ಅಲ್ಲಿಗೆ ಹೋದರು. ಅರ್ಜಿ ತುಂಬುವ ಕೆಲಸ ನನ್ನದು. ‘ನಿಮಗೆ ಬರುವ ಕಸುಬು’ ಎಂದೊಂದು ಕಾಲಂ ಇತ್ತು.

“ಬಿಚ್ಚೋದು ಅಂತ ಬರಿ ಕಣ್ಲಾ,” ಎಂದರು.

“ಜೋಡಿಸೋದು?”

“ಅದನ್ನ ಕಲಿಯಾಕೇ ಅಲ್ವೇನ್ಲಾ ಬಂದಿರೋದು.”

ಅಲ್ಲಿನ ಅಧ್ಯಕ್ಷರು ರಿಟೈರಾದ ಲೆಕ್ಚರರು, ನುಣ್ಣಗೆ ಶೇವ್ ಮಾಡಿದ ಸಭ್ಯಸ್ಥರು. “ಅಮ್ಮಾ, ಮೀರು ಅಟು ಕೂರ್ಚೋಂಡಿ,” ಎಂದು ತೆಲುಗಿನಲ್ಲಿ ಬಹಳ ಮರ್ಯಾದೆಯಿಂದ ಹೆಂಗಸರ ಮೂಲೆ ತೋರಿಸಿದರು. ಅಲ್ಲಿ ಕಾಗದದ ಹೂ ಮಾಡುತ್ತಿದ್ದರು. ಅತ್ತೆ ಡ್ರಿಲ್ಲಿಂಗ್ ಮೆಷಿನ್ ಕಡೆ ಕೈ ತೋರಿಸಿ, ಸ್ವಿಚ್ಚು ಒತ್ತಿದವರಿಗೆ ಮೀಸೆ ಇದೆಯೋ ಇಲ್ಲವೋ ಅದಕ್ಕೆ ಹೇಗೆ ಗೊತ್ತಾಗುತ್ತದೆಂದು ತೆಲುಗಿನಲ್ಲೇ ವಿಚಾರಿಸಿದರು. ಅಧ್ಯಕ್ಷರು ತಿಳಿಯದೆ ಮೇಲ್ದುಟಿ ಮುಟ್ಟಿ ನೋಡಿಕೊಂಡರು. ಮೆಷಿನ್ ಅತ್ತೆಯ ಕೈಗೆ ಬಂತು.

ಮೆಷಿನ್ ಜೊತೆ ಕಣ್ಣಿಗೆ ಹಾಕಿಕೊಳ್ಳುವ ದೊಡ್ಡ ಪ್ಲಾಸ್ಟಿಕ್ ಕನ್ನಡಕವನ್ನೂ ಕೊಟ್ಟಿದ್ದರು. ಅದನ್ನು ತಮ್ಮ ಕನ್ನಡಕದ ಮೇಲೆ ಏರಿಸಿಕೊಂಡು, ಧೂಳಿಗೆ ಒಳ್ಳೆಯದೆಂದು ಹಾಗೇ ಬಸ್ಸು ಹತ್ತಿದರು. ಪಾಪದ ಕಂಡಕ್ಟರು ಕಣ್ಣಿನ ಆಪರೇಷನ್ ಆಗಿದೆಯೆಂದುಕೊಂಡು ಮುಂದಿನ ಸೀಟು ಬಿಡಿಸಿಕೊಟ್ಟರಂತೆ. ಅತ್ತೆ ಬೇಡವೆನ್ನಲಿಲ್ಲ. ಮುಂದಿನ ಎಲ್ಲ ಭಾನುವಾರಗಳೂ ಆ ಆಪರೇಷನ್ ವಾಸಿಯಾಗಲೇ ಇಲ್ಲ.

ಅಷ್ಟರಲ್ಲಿ ವರ್ಕ್‌ಶಾಪಿಗೆ ಏನು ಹೆಸರಿಡಬೇಕೆಂಬ ಚರ್ಚೆ ಎದ್ದಿತು. ತೆಲುಗೋ, ಕನ್ನಡವೋ, ಇಂಗ್ಲಿಷೋ? ಮೂರು ಭಾನುವಾರ ಗರಗಸಗಳು ಮೌನವಾಗಿದ್ದವು, ಸದಸ್ಯರು ಕುಯ್ದರು. ಹಿತ್ತಲಲ್ಲಿ ನಲ್ಲಿಯೊಂದು ಶುರುವಿನಿಂದಲೂ ಸೋರುತ್ತಿತ್ತು. ಮೂರನೆಯ ಸಭೆಯ ನಡುವೆ ಅತ್ತೆ ಎದ್ದುಹೋಗಿ, ಹಳೆಯ ಸೈಕಲ್ ಟ್ಯೂಬಿನ ಚೂರು ಕತ್ತರಿಸಿ ಹಾಕಿ ಸೋರಿಕೆ ನಿಲ್ಲಿಸಿ ಬಂದರು. ಕಮಿಟಿಯ ಅನುಮತಿಯಿಲ್ಲದೆ ರಿಪೇರಿ ಮಾಡಿದ್ದಕ್ಕೆ ಮರುವಾರ ಅವರಿಗೆ ನೋಟೀಸು ಬಂತು. ನನ್ನಿಂದ ಅದನ್ನು ಎರಡು ಸಲ ಓದಿಸಿ, ನಾಲ್ಕಾಗಿ ಮಡಚಿ, ಅಲ್ಲಾಡುತ್ತಿದ್ದ ಅಧ್ಯಕ್ಷರ ಮೇಜಿನ ಕಾಲಿಗೆ ಒತ್ತುಕೊಟ್ಟರು. ಮೇಜು ಗಟ್ಟಿಯಾಗಿ ನಿಂತಿತು. ಅತ್ತೆಯ ಸದಸ್ಯತ್ವ ಅಲ್ಲಾಡಿತು.

ಅವರನ್ನು ತೆಗೆದುಹಾಕಬೇಕೆಂದು ಮುಂದಿನ ಭಾನುವಾರಕ್ಕೆ ವಿಶೇಷ ಸಭೆ ಕರೆದರು. ಕೋರಂ ಇಲ್ಲದೆ ಸಭೆ ಮುಂದಕ್ಕೆ ಹೋಯಿತೆಂದು ಆಮೇಲೆ ಗೊತ್ತಾಯಿತು. ಅತ್ತೆಯೂ ಹೋಗಿರಲಿಲ್ಲ. ಟವಲಿನಲ್ಲಿ ಏನನ್ನೋ ಸುತ್ತಿಕೊಂಡು ನೇರ ನಮ್ಮ ಮನೆಗೆ ಬಂದಿದ್ದರು.

ಇಲ್ಲೊಂದು ವಿಷಯ ಹೇಳಬೇಕು. ನಮ್ಮಮ್ಮನಿಗೆ ಲಕ್ವ ಹೊಡೆದು, ಬಲಗೈ ಬಿದ್ದುಹೋಗಿ ಆಗ ಏಳು ತಿಂಗಳಾಗಿತ್ತು. ನಾನೂ ನನ್ನ ಹೆಂಡತಿಯೂ ಪ್ರೀತಿಯಿಂದಲೇ ಅವಳನ್ನು ಅಡುಗೆಮನೆಗೆ ಬಿಡುತ್ತಿರಲಿಲ್ಲ. ಅವಳು ಟೀವಿ ಮುಂದೆ ಕೂತಿರುತ್ತಿದ್ದಳು. ನೋಡುತ್ತಿರಲಿಲ್ಲ.

ಅತ್ತೆ ಟವಲು ಬಿಚ್ಚಿದರು. ಒಂದು ಮರದ ಹಲಗೆ. ನಡುವೆ ತೂತು ಕೊರೆದು ಎರಡು ಮೊಳೆ ಮೇಲ್ಮುಖವಾಗಿ ನಿಲ್ಲಿಸಿದ್ದರು. ಜಾರದಂತೆ ಅಡಿಗೆ ರಬ್ಬರು ಅಂಟಿಸಿತ್ತು. ಅದನ್ನು ಅಮ್ಮನ ಮುಂದಿಟ್ಟು, ಬದನೆಕಾಯಿಯೊಂದನ್ನು ಮೊಳೆಗಳಿಗೆ ಚುಚ್ಚಿ, ಅವಳ ಎಡಗೈಗೆ ಚಾಕು ಕೊಟ್ಟರು.

“ಮೊಳೆ ಹಿಡ್ಕೊಂತಾವೆ ಕಣಮ್ಮ. ನೀನು ಕುಯ್ಯಿ.”

ಮೊದಲ ಹೋಳು ದಪ್ಪವಾಯಿತು. ಎರಡನೆಯದು ಸೊಟ್ಟಗಾಯಿತು. ನನ್ನ ಹೆಂಡತಿ ಸಹಾಯಕ್ಕೆ ಬಗ್ಗಿದಳು. ಅತ್ತೆ ಅವಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿದರು. ಆರು ಬದನೆಕಾಯಿಗೆ ಅರ್ಧ ಗಂಟೆ ಹಿಡಿಯಿತು. ಆಮೇಲೆ ಅಮ್ಮ ಹಲಗೆಯಿಂದ ತಲೆಯೆತ್ತದೆ, “ಅತ್ತಿಗೆ, ಈರುಳ್ಳಿ ಕೊಡಿ,” ಎಂದಳು.

ಏಳು ತಿಂಗಳಲ್ಲಿ ಅವಳು ತನಗೆ ಬೇಕೆಂದು ಏನನ್ನಾದರೂ ಕೇಳಿದ್ದು ಅದೇ ಮೊದಲು. ಈರುಳ್ಳಿ ತರಲು ಅಡುಗೆಮನೆಗೆ ಹೋದ ಅತ್ತೆ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ.